ಮೇಣ ಹಚ್ಚಿದ ದಿನಗಳು

ಮತ್ತೆ ಬೆಳ್ಳಗಾಯ್ತು ಅಂಗೈ, ಥೂ, ಬೆಳಿಗ್ಗೆಯಿಂದ ಎಷ್ಟು ಸಲ ಒರೆಸಿದ್ನೋ, ದೋಣಿ ಮೈಮೇಲೆ ಕೈ ಇಟ್ಟರೆ ಸಾಕು, ಬೋರ್ಡು ಒರೆಸಿದ ಮೇಷ್ಟರ ಕೈ ಥರ ಬೆರಳ ಸಂದಿಗೆಲ್ಲ ಹಿಟ್ಟು, ಹಿಟ್ಟಲ್ಲ ಇದು, ಇದೇ ದೋಣಿಯ ಆ ನೀಲಿ ಬಣ್ಣ, ಬಿಸಿಲು ತಿಂದು ತಿಂದು ಹಿಟ್ಟು ಮಾಡಿಟ್ಟಿರೋ ನೀಲಿ, ಮೂರು ದಿನದಿಂದ ಉಜ್ಜುತಾ ಇದೀನಿ, ಮೂತಿಯ ಕಡೆ ಇನ್ನೂ ಎರಡು ಮಾರು ಬಾಕಿ, ಗಂಟೆ ಎರಡೂಕಾಲು, ನಾಲ್ಕಕ್ಕೆ ಅಣ್ಣನ್ನ ಕರ್ಕೊಂಡು ಬರ್ತೀನಿ ಅತ್ತಿಗೆ ಅಂದಿದಾಳೆ ನಾದಿನಿ, ಅವಳು ನಾಲ್ಕು ಅಂದ್ರೆ ಮೂರೂ ಐವತ್ತಕ್ಕೇ ಗೇಟಲ್ಲಿ ನಿಂತಿರ್ತಾಳೆ, ಹುಟ್ಟಿದ್ದೂ ಎಂಟನೇ ತಿಂಗಳಿಗೇ ಅಂತೆ — ಭುಜ ಬಿದ್ದು ಹೋಗ್ತಿದೆ, ಮೆಷಿನ್ನು ಆಫ್ ಮಾಡಿದ್ರೂ ಮೊಣಕೈಯೊಳಗೆ ಅದು ಇನ್ನೂ ಗುಯ್ಯಂತ ತಿರುಗ್ತಾನೇ ಇದೆ, ಐವತ್ತೆಂಟನೇ ವಯಸ್ಸಲ್ಲಿ ಈ ಶೋಕಿ ಬೇಕಿತ್ತಾ ನನಗೆ, ಬೇಕಿತ್ತು, ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ ಸುಮ್ನೆ ಹುಟ್ಟಿಲ್ಲ. ಮೊದಲು ಸೋಪಿನ ನೀರು, ಆಮೇಲೆ ನೀರಲ್ಲಿ ಅದ್ದಿದ ಮರಳು ಕಾಗದ, ಒರಟಾದ್ದು, ಅದಕ್ಕಿಂತ ನಯ, ಅದಕ್ಕಿಂತ ನಯ, ಆಮೇಲೆ ಪೇಸ್ಟು ಹಚ್ಚಿ ಮೆಷಿನ್ನು, ಕೊನೆಗೆ ಮೇಣ, ಈ ದೋಣಿ ರಿಪೇರಿ ಯಾರ್ಡಿನ ಮೇಸ್ತ್ರಿ ಬೆರಳು ಮಡಿಸಿ ಮಡಿಸಿ ಹೇಳಿಕೊಟ್ಟ, ಒತ್ತಬೇಡಿ ಅಕ್ಕಾ, ಭಾರ ಬಿಡಬೇಡಿ, ಅದು ತಿರುಗ್ತಿರಲಿ, ನೀವು ಮಗೂನ ನಡೆಸೋ ಹಾಗೆ ಸುಮ್ನೆ ಕೈ ಹಿಡ್ಕೊಂಡು ನಡೆಸಿ, ಒಂದೇ ಕಡೆ ನಿಂತ್ರೆ ಸುಡುತ್ತೆ, ಸುಟ್ರೆ ಮುಗೀತು, ಫೈಬರಿನ ಮೇಲಿರೋ ಈ ಬಣ್ಣದ ಪದರ ಉಗುರಷ್ಟು ದಪ್ಪ ಇದ್ರೆ ಹೆಚ್ಚು. ಜೆಲ್‌ಕೋಟು ಅಂತಾನೆ ಅವನು. ಇವರು ಚರ್ಮ ಅಂತಿದ್ರು, ದೋಣಿಯ ಚರ್ಮ ಕಣೇ ಅದು, ವರ್ಷಕ್ಕೊಂದ್ಸಲ ಮೇಣ ಕುಡಿಸದಿದ್ರೆ ಸುಕ್ಕುಗಟ್ಟುತ್ತೆ ಅಂತ, ನನ್ನ ಹಿಮ್ಮಡಿ ಒಡೆದು ರಕ್ತ ಬರ್ತಿದ್ದಾಗ ಒಂದು ದಿನ ಎಣ್ಣೆ ಹಚ್ಚು ಅಂದವರಲ್ಲ, ದೋಣಿಗೆ ಮಾತ್ರ ಮೂರು ದಿನ ರಜೆ ಹಾಕಿ, ಹಳೇ ಬನಿಯನ್ನು ಹರಿದು ಮೆತ್ತೆ ಮಾಡಿ, ಸುತ್ತು ಸುತ್ತು ಸುತ್ತು. ಸವತಿ ಅಂತಿದ್ದೆ ನಾನು. ಸವತಿಗೂ ಇಷ್ಟು ಸೇವೆ ಮಾಡ್ತಿರಲಿಲ್ಲ ಯಾರೂ ಅಂದ್ರೆ, ಅವಳು ನದಿ ದಾಟಿಸಿ ದುಡಿದು ನಿನಗೆ ಹಾಕ್ತಾಳೆ, ಯಾವ ಸವತಿ ಹಾಕ್ತಾಳೆ ಹೇಳು, ಅಂತ ನಗೋದು.

ಒಂದೇ ಪಕ್ಕ ಮಾಡ್ತಿದೀನಿ, ಗೇಟಿನ ಕಡೆ ಪಕ್ಕ, ಆ ಕಡೇದು ಹಾಗೇ ಬಿಳೀ, ಯಾರು ಸುತ್ತು ಹಾಕಿ ನೋಡ್ತಾರೆ, ಇವರಿಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಪೈಪಿನೊಳಗಿಂದ ನೋಡಿದ ಹಾಗೆ ನಡುವೆ ಇಷ್ಟೇ ಇಷ್ಟು ತೂತು, ಅನ್ನದ ತಟ್ಟೇಲಿ ಅನ್ನ ಕಂಡ್ರೆ ಉಪ್ಪಿನಕಾಯಿ ಕಾಣಲ್ಲ. ಕಣ್ಣೊಳಗಿನ ಒತ್ತಡ ಅಂದ್ರು ಡಾಕ್ಟರಮ್ಮ, ಸುತ್ತಲಿಂದ ಕತ್ತಲೆ ಮುಚ್ಕೊಂಡು ಬರುತ್ತೆ, ನಡುವಿಂದು ಕೊನೆಗೆ ಹೋಗುತ್ತೆ, ನೋಡಬೇಕು ಅನ್ನೋದೇನಾದ್ರೂ ಇದ್ರೆ ಈ ತಿಂಗಳಲ್ಲೇ ನೋಡ್ಕೊಂಡ್ಬಿಡಿ, ಪೆನ್ನಿನ ಮುಚ್ಚಳ ಹಾಕ್ತಾ ಅಂದ್ರು, ಮುಚ್ಚಳದ ಟಿಕ್ ಅನ್ನೋ ಸದ್ದು ಇನ್ನೂ ಕಿವೀಲಿದೆ. ಹೊರಗೆ ಬೆಂಚಿನ ಮೇಲೆ ಕೂತು ನಾನು ಕೇಳಿದೆ, ಏನು ನೋಡಬೇಕ್ರೀ ಅಂತ, ಇವರು ಯೋಚನೆ ಕೂಡ ಮಾಡಲಿಲ್ಲ, ದೋಣಿ ಅಂದ್ರು, ಆ ನೀಲಿ ಒಂದ್ಸಲ ನೋಡ್ಬೇಕು ಅಂದ್ರು. ನನ್ನ ಮುಖ ಬೇಡ್ವಾ ಅಂದೆ. ನಿನ್ನ ಮುಖ ಮೂವತ್ನಾಲ್ಕು ವರ್ಷದಿಂದ ಬಾಯಿಪಾಠ ಆಗಿದೆ ಬಿಡು, ಅಂತ ನಕ್ಕರು, ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣಿನ ಪಟ್ಟಿ ಕಟ್ಕೊಂಡೇ ನಕ್ಕಳು, ನನಗೆ ಮಾತ್ರ ನಗು ಬರಲಿಲ್ಲ, ಯಾಕಂದ್ರೆ ಎಲ್ಲಿದೆ ನೀಲಿ, ಯಾವ ನೀಲಿ ತೋರಿಸ್ಲಿ. ಮೂರು ವರ್ಷದಿಂದ ಮೇಣ ಕಂಡಿಲ್ಲ ಈ ದೋಣಿ. ಮೂರು ವರ್ಷದಿಂದ ನಾನು ಸುಳ್ಳು ಹೇಳ್ಕೊಂಡು ಬಂದಿದೀನಿ.

ಟೇಪು. ಮೂತಿಯ ಅಂಚಿಗೆ ಟೇಪು ಅಂಟಿಸ್ಬೇಕು, ಅಂಚಲ್ಲಿ ಚರ್ಮ ಯಾವಾಗ್ಲೂ ತೆಳು ಅಂದಿದಾನೆ ಮೇಸ್ತ್ರಿ, ಸುರುಳಿ ಎಲ್ಲೋಯ್ತು, ಇಲ್ಲೇ ಇತ್ತಲ್ಲ, ಮುಗಿದಿದೆ, ಬರೀ ರಟ್ಟಿನ ಬಳೆ, ಮೇಸ್ತ್ರಿ ಊಟಕ್ಕೆ ಹೋಗಿದಾನೆ, ಹುಷಾರಾಗಿ ಮಾಡಿದ್ರಾಯ್ತು ಬಿಡು. ಪೇಸ್ಟು ನಾಲ್ಕು ಬೊಟ್ಟು. ಗುಯ್ಯ್. ಸುತ್ತು, ಸುತ್ತು, ಬಿಳಿ ಹೋಗಿ ಮೊದಲು ಬೂದಿ, ಆಮೇಲೆ ಮಬ್ಬು, ಆಮೇಲೆ ಒಳಗಿಂದ ನೀಲಿ ಬರುತ್ತೆ, ಬಂದಾಗ ಒಂದು ಸಂತೋಷ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ, ಇವರು ಮೂರು ಮೂರು ದಿನ ಇಲ್ಲಿ ಯಾಕೆ ಬಿದ್ದಿರ್ತಿದ್ರು ಅಂತ ಈಗ ಗೊತ್ತಾಗ್ತಿದೆ, ಮಧ್ಯಾಹ್ನ ನಾನು ಕ್ಯಾರಿಯರಲ್ಲಿ ಊಟ ತರ್ತಿದ್ದೆ, ಇವರು ದೋಣಿಗೆ ಒರಗಿ ಕೂತು ತಿಂತಿದ್ರು, ನೋಡು ನಿನ್ನ ಮುಖ ಕಾಣುತ್ತೆ ಅಂತ ದೋಣಿ ಪಕ್ಕ ತೋರಿಸ್ತಿದ್ರು, ಕಾಣ್ತಿತ್ತು, ಉದ್ದುದ್ದ, ಕುದುರೆ ಮುಖದ ಥರ. ಸೇತುವೆ ಬಂದ ಮೇಲೆ ಜನ ದೋಣಿ ಬಿಟ್ರು, ಇವರು ಮೇಣ ಬಿಡಲಿಲ್ಲ. ಕಣ್ಣಿನ ಆಪರೇಷನ್ ಆದ ವರ್ಷ, ನನ್ನ ಕೈಲಿ ಆಗಲ್ಲ ಈ ಸಲ, ನೀನು ಹೋಗಿ ಹಚ್ಚಿ ಬಾ, ಮೇಸ್ತ್ರಿ ತೋರಿಸ್ತಾನೆ, ಮೂರು ದಿನದ ಕೆಲಸ, ತಂಗಿ ಬಂದು ನನ್ನ ಜೊತೆ ಇರ್ತಾಳೆ ಅಂದ್ರು. ಹೂಂ ಅಂದೆ. ಮನೆಯಿಂದ ಹೊರಟಿದ್ದೂ ನಿಜ, ಡಬ್ಬಿ ಮೇಣ ಚೀಲದಲ್ಲಿತ್ತು, ಬಸ್ ಸ್ಟಾಪಲ್ಲಿ ಎರಡು ಬಸ್ಸು ಬಂದ್ವು, ಒಂದು ಯಾರ್ಡಿನ ಕಡೆದು, ಇನ್ನೊಂದು ನಮ್ಮಕ್ಕನ ಮನೆ ಕಡೆದು, ಕಾಲು ತಾನಾಗೇ ಎರಡನೇದು ಹತ್ತಿತು, ಅಕ್ಕ ಬಾಗಿಲು ತೆಗೆದು ಏನೇ ಇದು ಮುಖ, ಹೆಣದ ಥರ ಅಂದ್ಲು, ಸ್ವಲ್ಪ ಮಲಗ್ತೀನಿ ಕಣೇ ಅಂದೆ. ಮಲಗಿದೆ. ದಿನಕ್ಕೆ ನಾಲ್ಕು ಸಲ ಹನಿ, ಎರಡು ಬಾಟ್ಲಿ, ನಡುವೆ ಐದೈದು ನಿಮಿಷ ಬಿಡ್ಬೇಕು, ಕೆಮ್ಮಿದ್ರೆ ಎದ್ದೇಳ್ಬೇಕು, ಬಾಗಿಲ ಚೌಕಟ್ಟಿಗೆ ಹಣೆ ಹೊಡ್ಕೊಳ್ಳೋ ಮುಂಚೆ ಕೈ ಅಡ್ಡ ಇಡ್ಬೇಕು, ಆರು ತಿಂಗಳಿಂದ ನಾನು ಒಂದೂ ನಿದ್ದೆ ಪೂರ್ತಿ ಮಾಡಿರಲಿಲ್ಲ, ಅಕ್ಕನ ಮಂಚದ ಮೇಲೆ ಸಾಯಂಕಾಲದವರೆಗೂ ಕೊರಡಿನ ಹಾಗೆ ಬಿದ್ದಿದ್ದೆ, ಮಾರನೇ ದಿನವೂ ಹೋದೆ, ಮೂರನೇ ದಿನವೂ. ಮನೆಗೆ ಬಂದಾಗ ಇವರು ಕೇಳೋದು, ಹಚ್ಚಿದ್ಯಾ. ಹೂಂ ಹಚ್ಚಿದೆ. ಹೊಳೀತಿದೆಯಾ. ಕನ್ನಡಿ ಥರ. ಕೈ ನೋವಾ. ಇಲ್ಲಪ್ಪ. ವರ್ಷ ಪೂರ್ತಿ ಆ ಮೂರು ದಿನಕ್ಕೆ ಕಾಯ್ತಿದ್ದೆ ನಾನು, ನಾಚಿಕೆ ಆಗ್ಬೇಕು, ಆಗುತ್ತೆ, ಆದ್ರೂ ಕಾಯ್ತಿದ್ದೆ. ಹೋದ ವರ್ಷ ಮೂರಲ್ಲ, ನಾಲ್ಕು ದಿನ, ಇವರೇ ಅಂದದ್ದು, ಎರಡನೇ ದಿನ ಸಾಯಂಕಾಲ ಕಾಫಿ ಕುಡೀತಾ, ಮೂರು ದಿನ ಸಾಲಲ್ಲ ಕಣೇ, ನಾಲ್ಕು ತಗೋ, ಆತುರ ಮಾಡಿ ಕೆಲಸ ಕೆಡಿಸ್ಬೇಡ ಅಂತ, ಪಾಪ ದೋಣಿ ಮೇಲೆ ಅಷ್ಟು ಆಸೆ. ನಾನು ಹೂಂ ಅಂದೆ, ನಾಲ್ಕು ದಿನ ಮಲಗಿದೆ.

ಈ ಬಟ್ಟೆ ಇವತ್ತಿಗೆ ಮುಗೀತು, ಸೊಂಟಕ್ಕೆ ಕೈ ಒರೆಸಿ ಒರೆಸಿ ಬೆಳ್ಳಗೆ, ಇದು ಸೋಪಿಗೆ ಜಗ್ಗೋ ಹಿಟ್ಟಲ್ಲ, ಹೋದ ವರ್ಷ ಇವರ ಕರಿ ಪ್ಯಾಂಟಿನ ತೊಡೆ ಮೇಲೆ ಯಾವುದೋ ಬಿಳಿ, ಒಂದು ಅಂಗೈ, ಐದು ಬೆರಳೂ ಎಣಿಸೋ ಹಾಗೆ, ಬಕೆಟ್ಟಿನಲ್ಲಿ ನೆನೆಹಾಕಿ ತಿಕ್ಕಿ ತಿಕ್ಕಿ ನನ್ನ ಉಗುರು ಸವೀತು, ಎಲ್ಲಿ ಒರಗಿದ್ರಿ ಅಂದ್ರೆ ಗೋಡೆದಿರ್ಬೇಕು ಅಂದ್ರು, ಪಕ್ಕದ ಮನೆಗೆ ಆಗ ಬಣ್ಣ ಹೊಡೀತಿದ್ರು, ಕಾಂಪೌಂಡಿನ ಮೇಲಿಂದ ಕತ್ತು ಹಾಕಿ ಬಣ್ಣದವನನ್ನ ಹಿಡ್ಕೊಂಡು ಬೈದೆ, ಕಣ್ಣು ಕಾಣದವರು ಓಡಾಡೋ ಜಾಗದಲ್ಲಿ ಸುಣ್ಣ ಬಳಿದು ಬಿಟ್ಟಿದೀಯಲ್ಲ, ಒಂದು ಕಾಗದ ಅಂಟಿಸೋಕೆ ಏನು ದಾಡಿ ನಿನಗೆ ಅಂತ, ಅವನು ಏಣಿ ಮೇಲಿಂದ ನಾವು ಹಳದಿ ಹೊಡೀತಿರೋದಮ್ಮಾ, ಸುಣ್ಣ ಎಲ್ಲಿ ಬಂತು ಅಂದ, ಬಾಯ್ಮುಚ್ಚು ಅಂದೆ, ಏಣಿ ಮೇಲಿದ್ದವನು ಬಾಯ್ಮುಚ್ಕೊಂಡ. ಈಗ್ಯಾಕೆ ನೆನಪಾಯ್ತು ಆ — ಏನದು ವಾಸನೆ. ಸುಟ್ಟ ವಾಸನೆ. ಅಯ್ಯೋ, ಅಯ್ಯೋ ನಿಲ್ಲಿಸು, ಸ್ವಿಚ್ಚೆಲ್ಲಿ, ನಿಲ್ಲಿಸು — ಎಲ್ಲಿ ನಿಂತಿತ್ತು ಇದು, ಅಂಚಿನ ಮೇಲೆ, ಅಲ್ಲಾಡದೆ ನಿಂತಿತ್ತು, ನಾನು ಬಣ್ಣದವನ ಜೊತೆ ಜಗಳ ಆಡ್ತಾ ಮೆಷಿನ್ನಿನ ಮೇಲೆ ಭಾರ ಬಿಟ್ಟು ನಿಂತಿದ್ದೆ. ನೀಲಿ ಇಲ್ಲ. ಇಲ್ಲಿ ನೀಲಿ ಇಲ್ಲವೇ ಇಲ್ಲ. ತಟ್ಟೆಯಗಲ ಕಂದು, ಒಳಗಿನ ಗಾಜಿನ ನಾರು ಗೋಣಿಚೀಲದ ಹೆಣಿಗೆ ಥರ ಕಾಣ್ತಿದೆ. ಒರೆಸಿದ್ರೆ ಹೋಗುತ್ತೇನೋ. ಹೋಗಲ್ಲ. ಹೋಗೋಕೆ ಇದು ಮೇಲೆ ಹತ್ತಿದ ಕಲೆ ಅಲ್ಲ, ಕೆಳಗಿಂದು ಮೇಲೆ ಬಂದಿರೋದು.

ಮೇಸ್ತ್ರಿ ಬಂದು ನೋಡಿ ಚ್ಚ್ ಅಂದ, ಬೈಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು, ಹೆಬ್ಬೆರಳಲ್ಲಿ ಸುತ್ತ ಸವರಿ ಇಲ್ಲಿ ಮೊದಲೇ ತೆಳ್ಳಗಿತ್ತು ಅಕ್ಕಾ, ಯಜಮಾನ್ರು ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಅಂಚು ಸವೆಸಿದಾರೆ, ಒಂದಲ್ಲ ಒಂದು ದಿನ ಯಾರದಾದ್ರೂ ಕೈಲಿ ಆಗೋದೇ ಅಂದ, ಪ್ರೀತಿ ಮಾಡಿದ್ರೂ ಸವೀತು, ಮಾಡದಿದ್ರೂ ಹಿಟ್ಟಾಯ್ತು, ಒಳ್ಳೇ ಚರ್ಮ ಇದು. ಇವತ್ತು ಏನಾದ್ರೂ ಬಳಿಯೋಕಾಗುತ್ತಾ ಅಂದೆ. ಇವತ್ತು ಆಗೋ ಮಾತಲ್ಲ, ಬಣ್ಣ ಕಲಸಿ ಹೊಂದಿಸ್ಬೇಕು, ಬಳಿದು ಗಟ್ಟಿ ಆಗೋಕೆ ಬಿಡ್ಬೇಕು, ಮತ್ತೆ ಉಜ್ಜಬೇಕು, ನಾಳಿದ್ದಾದ್ರೆ ನೋಡಣ. ನಾಳಿದ್ದಿಗೆ ಆ ತೂತು ಎಷ್ಟು ಉಳಿದಿರುತ್ತೋ ಯಾರಿಗೆ ಗೊತ್ತು ಅಂತ ನಾನು ಹೇಳಲಿಲ್ಲ. ಉಳಿದ ಭಾಗಕ್ಕೆ ನೀರು ಎರಚಿಬಿಡ್ಲಾ, ಒದ್ದೆ ಆದ್ರೆ ಆ ಬಿಳಿಯೆಲ್ಲ ನೀಲಿ ಕಾಣುತ್ತಲ್ಲ ಅಂದ್ರೆ, ಒಣಗೋವರೆಗೆ ಎಲ್ಲಾ ದೋಣೀನೂ ಹೊಸಾದೇ ಅಕ್ಕಾ ಅಂತ ನಕ್ಕ, ತಾನೇ ಮೆಷಿನ್ನು ತಗೊಂಡು ಬಾಕಿ ಇದ್ದದ್ದನ್ನ ಮುಗಿಸಿಕೊಟ್ಟ, ನನ್ನ ಕೈ ನೋಡಿ ಕರುಣೆ ಬಂದಿರ್ಬೇಕು, ಲೋಟ ಹಿಡಿದ್ರೆ ನೀರು ಚೆಲ್ತಿತ್ತು. ಮೇಣ ಮಾತ್ರ ನಾನೇ ಹಚ್ಚಿದೆ. ಹಳೇ ಬನಿಯನ್ನಿನ ಮೆತ್ತೆ, ಇವರದ್ದೇ, ಸುತ್ತು ಸುತ್ತು ಸುತ್ತು. ಹಚ್ಚುವಾಗ ಮೇಸ್ತ್ರಿಗೆ ಹೇಳಿದೆ, ನೋಡಪ್ಪಾ, ನಾನು ಮೂರು ವರ್ಷ ಈ ಕಡೆ ತಲೆ ಹಾಕಿಲ್ಲ ಅನ್ನೋದು ಅವರಿಗೆ ಗೊತ್ತಾಗ್ಬಾರ್ದು, ಅದೊಂದು ನಡೆಸಿಕೊಡು. ಅವನು ಕತ್ತು ಕೆರ್ಕೊಂಡ, ಏನೋ ಹೇಳೋಕೆ ಬಾಯಿ ತೆಗೆದ, ಯಾರೋ ಅಲ್ಲಿಂದ ಕೂಗಿದ್ರು, ಬಂದೆ ಬಂದೆ ಅಂತ ಹೊರಟ್ಹೋದ. ಹೊಳೆಯೋ ನೀಲಿ ಮೇಲೆ ಒಂದು ಬಿಳಿ ಕೈ ಗುರುತು, ನನ್ನದೇ, ಐದು ಬೆರಳು, ಆ ಪ್ಯಾಂಟಿನ ಮೇಲಿದ್ದ ಹಾಗೇ, ಬನಿಯನ್ನಿಂದ ಒರೆಸಿದೆ. ಬಣ್ಣದವನಿಗೆ ಅನ್ಯಾಯವಾಗಿ ಬೈದ್ನೇನೋ. ಹಳದಿ ಹೊಡೀತಿದ್ದೋನು ಬಿಳಿ ಎಲ್ಲಿಂದ ತಂದಾನು. ಇರ್ಲಿ, ಸತ್ತ ಎಮ್ಮೆಗೆ ಹತ್ತು ಸೇರು ಹಾಲು, ಈಗ ಯೋಚನೆ ಮಾಡಿ ಏನು. ಸುಟ್ಟ ಜಾಗದ ಮುಂದೆ ನಾನೇ ನಿಂತ್ಕೋತೀನಿ, ಬೆನ್ನು ಕೊಟ್ಟು, ಬಲಗಡೆ ನಿಂತು ಎಡಗಡೆ ತೋರಿಸ್ತೀನಿ, ಅಲ್ಲಿ ನೋಡ್ರಿ ಅಲ್ಲಿ ಅಂತ, ಈ ವಯಸ್ಸಲ್ಲಿ ಇಷ್ಟಗಲ ಬೆಳೆದಿರೋದು ಇನ್ಯಾವ ಉಪಯೋಗಕ್ಕೆ.

ಮೂರೂ ಐವತ್ತು. ಹೇಳಿದ್ನಲ್ಲ. ನಾದಿನಿ ಭುಜದ ಮೇಲೆ ಕೈ ಇಟ್ಕೊಂಡು ಬರ್ತಿದಾರೆ, ಇಸ್ತ್ರಿ ಶರ್ಟು, ಆ ಕರಿ ಪ್ಯಾಂಟು, ಯಾರೋ ಮದುವೆಗೆ ಕರೆದ ಹಾಗೆ ತಲೆ ಬಾಚಿ, ಜಲ್ಲಿ ಕಲ್ಲಿನ ಮೇಲೆ ಕಾಲನ್ನ ಮೊದಲು ಇಟ್ಟು ನೋಡಿ ಆಮೇಲೆ ಭಾರ ಬಿಡ್ತಾರೆ, ಒಂದು ಕಾಲದಲ್ಲಿ ಅಲ್ಲಾಡೋ ದೋಣಿಯ ಅಂಚಿನ ಮೇಲೆ ನಡೀತಿದ್ದ ಕಾಲು ಅದು. ಎಲ್ಲಿದೀಯೇ. ಇಲ್ಲೇ ಇದೀನ್ರೀ. ನೋಡಿ, ನಿಮ್ಮೆದುರಿಗೇ, ಇನ್ನೆರಡು ಹೆಜ್ಜೆ. ನಿಂತ್ರು. ಕೋಳಿ ನೋಡೋ ಹಾಗೆ ತಲೆ ಓರೆ ಮಾಡಿ, ಆ ಒಂದು ತೂತಿಗೆ ಸಿಗೋವರೆಗೆ ಅತ್ತ ಇತ್ತ ಹುಡುಕಿ, ಸಿಕ್ತು, ಮುಖ ನಿಂತುಹೋಯ್ತು. ನನ್ನ ಎದೆ ಹೊಡ್ಕೊಳ್ಳೋದು ದೋಣಿಗೆ ತಾಗಿ ನನಗೇ ಕೇಳಿಸ್ತಿದೆ. ನೀಲಿ ಅಂದ್ರು. ಅಷ್ಟೇ. ಆಮೇಲೆ ಇನ್ನೊಂದ್ಸಲ, ಮೆಲ್ಲಗೆ, ನೀಲಿ. ನನಗೆ ಅಳು ಬಂತು, ಬರ್ಲಿ, ಕಾಣಲ್ಲ ಅವರಿಗೆ, ತೂತು ದೋಣಿ ಮೇಲಿದೆ. ಹತ್ತಿರ ಬಂದ್ರು, ಕೈ ಚಾಚಿದ್ರು, ಅಂಗೈ ಪೂರ್ತಿ ಊರಿ ಹಿಂಭಾಗದಿಂದ ಸವರ್ತಾ ಬಂದ್ರು, ದನದ ಬೆನ್ನು ಸವರೋ ಹಾಗೆ, ಆ ಕೈ ನನ್ನ ಕಡೆಗೇ ಬರ್ತಿದೆ, ಒಂದು ಮಾರು, ಅರ್ಧ ಮಾರು, ನಾನು ಬೆನ್ನನ್ನ ಸುಟ್ಟ ಜಾಗಕ್ಕೆ ಒತ್ತಿ ನಿಂತಿದೀನಿ, ಬೆರಳು ನನ್ನ ತೋಳಿಗೆ ತಾಗಿ ನಿಂತ್ವು. ಇಲ್ಯಾಕೆ ನಿಂತಿದೀ. ಸುಮ್ನೆ, ಸುಸ್ತಾಯ್ತು ಅಂತ ಒರಗಿದೀನಿ. ಹೂಂ, ಸುಸ್ತಾಗಿರುತ್ತೆ, ಒರಗು, ಅಂದ್ರು, ತಳ್ಳಲಿಲ್ಲ, ಕೈ ಹಿಂದಕ್ಕೆ ತಗೊಂಡ್ರು. ತಗೊಂಡು ಅಂಗೈನ ಮೇಲೆ ಮಾಡಿ, ಮೂಗಿನ ಹತ್ತಿರ ತಂದು, ತಲೆ ಓರೆ ಮಾಡಿ, ಹೆಬ್ಬೆರಳು, ತೋರುಬೆರಳು, ಒಂದೊಂದೇ ಬೆರಳನ್ನ ಆ ತೂತಿನ ಕೆಳಗೆ ಇಟ್ಟು ನೋಡ್ತಿದಾರೆ, ಏನು ಹುಡುಕ್ತಿದಾರೆ. ಈ ಸಲ ಕೈಗೆ ಹತ್ತಲಿಲ್ಲ ನೋಡು ಅಂದ್ರು, ತಂಗಿ ಕಡೆ ತಿರುಗಿ.

ಈ ಸಲ. ಈ ಸಲ ಹತ್ತಲಿಲ್ಲ ಅಂದ್ರೆ — ನಾದಿನಿ ನೆಲ ನೋಡ್ತಿದಾಳೆ, ಬಾಯಿಗೆ ಬೀಗ ಇಲ್ಲದ ಹೆಂಗಸು, ಉಪ್ಪು ಹೆಚ್ಚಾದದ್ದನ್ನೂ ಮೂರು ಮನೆಗೆ ಸಾರಿ ಬರೋಳು, ನೆಲ ನೋಡ್ತಿದಾಳೆ, ಹೋದ ವರ್ಷ, ಎರಡನೇ ದಿನ, ನಾನು ಅಕ್ಕನ ಮನೆಯಿಂದ ಬಂದಾಗ ಕ್ಯಾರಿಯರು ತೊಳೆದು ಬೋರಲು ಹಾಕಿತ್ತು, ಇದ್ಯಾಕೆ ಇಳಿಸಿದ್ರಿ ಅಂದ್ರೆ ಸುಮ್ನೆ ಅತ್ತಿಗೆ, ಮೇಲೆ ತಾರಸೀಲಿ ಕೂತು ಉಂಡ್ವಿ ಅಂದಿದ್ಲು, ತಾರಸಿಯಲ್ಲ, ಇಲ್ಲಿಗೆ, ನನಗೆ ಊಟ ತಂದಿದ್ರು, ನಾನು ಇವರಿಗೆ ತರ್ತಿದ್ದ ಹಾಗೆ, ಇಷ್ಟು ದೂರ, ಈ ಜಲ್ಲಿ ಮೇಲೆ ಕಾಲು ಹುಡುಕ್ಕೊಂಡು, ನಾನಿಲ್ಲ, ದೋಣಿ ಇತ್ತು, ಕೈ ಇಟ್ರು, ಕೈ ನೋಡ್ಕೊಂಡ್ರು, ತೊಡೆಗೆ ಒರೆಸಿದ್ರು — ಆವತ್ತೇ ಸಾಯಂಕಾಲ ಕಾಫಿ ಕುಡೀತಾ, ಮೂರು ದಿನ ಸಾಲಲ್ಲ ಕಣೇ, ನಾಲ್ಕು ತಗೋ, ಎಲ್ಲಿಗೆ ಹೋಗ್ತಿದ್ದೆ ಅಂತ ಕೇಳಲಿಲ್ಲ, ಒಂದು ವರ್ಷ ಕೇಳಲಿಲ್ಲ, ಹಚ್ಚಿದ್ಯಾ, ಹೂಂ, ಹೊಳೀತಿದೆಯಾ, ಕನ್ನಡಿ ಥರ, ಕೈ ನೋವಾ, ಇಲ್ಲಪ್ಪ, ಆವತ್ತು ನನ್ನ ಮುಖದ ಮೇಲೆ ದಿಂಬಿನ ಗೆರೆ ಇತ್ತೇನೋ, ಆ ತೂತಿಂದ ಅದನ್ನ ನೋಡಿದ್ರೇನೋ, ಮತ್ತೆ ನಾನು, ಮಾರನೇ ದಿನ ಹೊರಡೋ ಮುಂಚೆ, ಹಿತ್ತಲಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನ ತಿಕ್ಕಿ ತಿಕ್ಕಿ, ಎಲ್ಲಿ ಒರಗಿದ್ರಿ ಅಂತ ಬೈತಾ, ಗೋಡೆದಿರ್ಬೇಕು, ಕರಿ ಪ್ಯಾಂಟು, ತೊಡೆ ಮೇಲೆ ಬಿಳಿ ಅಂಗೈ, ಐದು ಬೆರಳು, ನೀರಲ್ಲಿ ಅಲ್ಲಾಡ್ತಾ, ಹೋಗದೆ, ಬಿಳಿ ಅಂಗೈ, ಐದು ಬೆರಳೂ